ಮುಟ್ಟದೆ ಗ್ರೇಡ್ ಹೇಳಬಾರದು

ನಮ್ಮ ಸೋದರತ್ತೆಯ ಬೆರಳುಗಳು ವರ್ಷಕ್ಕೆ ಆರು ತಿಂಗಳು ಕಪ್ಪಗಿರುತ್ತಿದ್ದವು. ಹೊಗೆಸೊಪ್ಪಿನ ಅಂಟು ಹಾಗೆ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಬೇರೆ ಹೆಂಗಸರಾಗಿದ್ದರೆ ಮದುವೆಮನೆಯಲ್ಲಿ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಅತ್ತೆ ಆ ಕೈಯಲ್ಲೇ ಪಂಕ್ತಿಗೆಲ್ಲ ಒಬ್ಬಟ್ಟು ಬಡಿಸುತ್ತಿದ್ದರು.

ಹನಗೋಡಿನ ಸುತ್ತಮುತ್ತ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಗೂಡಿನಲ್ಲಿ ಬೇಯಿಸಿದ ಎಲೆಯನ್ನು ಗ್ರೇಡ್ ಮಾಡಿ ವಿಂಗಡಿಸಲು ಅವರನ್ನೇ ಕರೆಯುತ್ತಿದ್ದರು. ಗಂಡಸರು ಬಣ್ಣ ನೋಡಿಯೇ "ಒಂದನೇ ಗ್ರೇಡು" ಎಂದರೆ ಅತ್ತೆಗೆ ರೇಗುತ್ತಿತ್ತು. "ಮುಟ್ಟದೆ ಗ್ರೇಡ್ ಯೋಳೋನು ಕಳ್ಳ ಕಣ್ಲಾ" ಎಂದು ಎಲೆ ಕಸಿದುಕೊಳ್ಳುತ್ತಿದ್ದರು.

ಅವರ ಎದೆಯಲ್ಲಿ ಗಂಟು ಕಂಡಾಗ ಮೈಸೂರಿನ ಡಾಕ್ಟರಮ್ಮ ಬಯಾಪ್ಸಿ ಆಗಬೇಕು, ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸಬೇಕು ಎಂದರು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಕೆದಕಿದರೆ ಹರಡುತ್ತದೆ. ಹುಣಸೂರಿನ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನಾನೂ ಒಳಗೊಳಗೆ ಅದನ್ನೇ ನಂಬಿದ್ದೆ. ನನ್ನ ಎದೆಯಲ್ಲೂ ನಾಲ್ಕು ತಿಂಗಳಿಂದ ಕಡಲೆಕಾಳಿನಷ್ಟು ಗಂಟಿತ್ತು. ಸೂಜಿಗೆ ಹೆದರಿ ಯಾರಿಗೂ ಹೇಳದೆ, ಅತ್ತೆಯ ಜೊತೆಗಾತಿಯಾಗಿ ಆಸ್ಪತ್ರೆಗೆ ಹೋಗುತ್ತಿದ್ದೆ.

"ಚೂರು ತೆಗೆದು ನೋಡಿದರೆ ತಾನೆ ಅಮ್ಮ, ಗ್ರೇಡ್ ಗೊತ್ತಾಗೋದು?" ಎಂದರು ಡಾಕ್ಟರಮ್ಮ.

ಅತ್ತೆ ನನ್ನತ್ತ ತಿರುಗಿದರು. "ನೋಡ್ದಾ, ಇದ್ಕೂ ಗ್ರೇಡ್ ಐತಂತೆ. ಮುಟ್ಟದೆ ಎಂಗ್ ಯೋಳಾರು?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆದೇಬಿಟ್ಟರು.

ಒಳಗೆ ಒಂದು ಎಡವಟ್ಟಾಯಿತು. ಸೂಜಿಯ ಯಂತ್ರ ಒತ್ತಿದಾಗ ಟಪ್ಪೆಂದು ಸದ್ದಾಗುತ್ತದೆಂದು ಯಾರೂ ಹೇಳಿರಲಿಲ್ಲ. ಅತ್ತೆ ಬೆಚ್ಚಿ ಅಲುಗಿದರು. ರಕ್ತ ಹೆಪ್ಪುಗಟ್ಟಿ ಹದಿನೈದು ದಿನ ಎದೆ ನೇರಳೆ ಬಣ್ಣಕ್ಕಿತ್ತು. "ನೋವಾಯ್ತದೆ ಅಂದ್ರಿ, ರಕ್ತ ಬತ್ತದೆ ಅಂದ್ರಿ. ಸದ್ದು ಯಾಕವ್ವ ಯೋಳ್ಲಿಲ್ಲ?" ಎಂದು ಅತ್ತೆ ಕೇಳಿದಾಗ ಡಾಕ್ಟರಮ್ಮ ತಪ್ಪಾಯಿತೆಂದು ಕ್ಷಮೆ ಕೇಳಿದರು.

ಗಂಟು ಕ್ಯಾನ್ಸರೇ ಆಗಿತ್ತು. ಚಿಕಿತ್ಸೆ ಶುರುವಾದ ಮೇಲೆ ಅದೇ ಡಾಕ್ಟರಮ್ಮ ಸಂಕೋಚದಿಂದಲೇ ಇನ್ನೊಂದು ಚೂರು ಕೇಳಿದರು. ಔಷಧಿ ಗಡ್ಡೆಯೊಳಗೆ ಏನು ಮಾಡುತ್ತಿದೆಯೆಂದು ತಿಳಿಯುವ ಸಂಶೋಧನೆಗೆ ಅದು ಬೇಕಿತ್ತು.

"ಇದ್ರಿಂದ ನಂಗೇನಾರ ವಾಸಿ ಆಯ್ತದಾ?"

"ಇಲ್ಲಮ್ಮ. ಮುಂದೆ ಬರೋರಿಗೆ ಆಗಬಹುದು."

"ಬ್ಯಾಡ ಅಂದ್ರೆ ಔಸ್ದಿ ನಿಲ್ಲಿಸ್ಬುಡ್ತೀರಾ?"

"ಇಲ್ಲ, ಅದು ನಡೀತಾನೇ ಇರುತ್ತೆ."

ಅತ್ತೆ ಒಪ್ಪಿಗೆಯ ಕಾಗದವನ್ನು ಕನ್ನಡದಲ್ಲಿ ಎರಡು ಸಲ ಓದಿಸಿದರು. ಸೋಂಕು, ರಕ್ತಸ್ರಾವ ಎಂದು ಬಂದಲ್ಲೆಲ್ಲ ನಿಲ್ಲಿಸಿ ಕೇಳಿದರು. ಬೇಡವೆಂದು ನಾನು ಕಣ್ಸನ್ನೆ ಮಾಡುತ್ತಿದ್ದರೆ ನನ್ನನ್ನು ಕ್ಯಾರೇ ಅನ್ನಲಿಲ್ಲ. "ತಕ್ಕೊಳ್ಳಿ. ಮೊದ್ಲು ಆ ಸದ್ದು ಕೇಳಿಸ್ಬುಡಿ" ಎಂದು ಸಹಿ ಹಾಕಿದರು. ಡಾಕ್ಟರಮ್ಮ ಸೂಜಿಯನ್ನು ಗಾಳಿಯಲ್ಲಿ ಎರಡು ಸಲ ಟಪ್ಪೆನ್ನಿಸಿದರಂತೆ. ಈ ಸಲ ಅತ್ತೆ ಅಲುಗಲಿಲ್ಲ. ಹೊರಗೆ ಬಂದವರೇ, ಸರದಿಯಲ್ಲಿ ನಡುಗುತ್ತಿದ್ದ ಅಂತರಸಂತೆಯ ಹೆಂಗಸೊಬ್ಬಳ ಪಕ್ಕ ಕೂತು, "ಟಪ್ ಅಂತದೆ, ಅಷ್ಟೇ ಕಣವ್ವ. ಎದರ್ಕಬ್ಯಾಡ" ಎಂದರು.

ನನಗೆ ನಾಚಿಕೆಯಾಯಿತು. ಬಸ್ಸು ಬಿಳಿಕೆರೆ ದಾಟುವಾಗ ನನ್ನ ಗಂಟಿನ ವಿಷಯ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅತ್ತೆ, "ನಾಳೀಕೆ ಮೊದಲ್ನೇ ಬಸ್ಗೆ ವೋಗವ. ನಾನು ಬಾಗ್ಲತಾವೇ ಕೂತಿರ್ತೀನಿ" ಎಂದರು. ಹಾಗೆಯೇ ಬಂದು ಕೂತರು.

ನನ್ನದೂ ಕ್ಯಾನ್ಸರೇ, ಆದರೆ ಆರಂಭದಲ್ಲೇ ಸಿಕ್ಕಿ ವಾಸಿಯಾಯಿತು. ಅತ್ತೆಯದು ತಡವಾಗಿತ್ತು, ಮರುವರ್ಷ ತೀರಿಕೊಂಡರು. ಅವರು ಕೊಟ್ಟ ಆ ಚೂರಿನಿಂದ ಡಾಕ್ಟರುಗಳಿಗೆ ಏನು ತಿಳಿಯಿತೋ ನನಗೆ ಗೊತ್ತಿಲ್ಲ. ಆದರೆ ಅವರು ಅದನ್ನು ಕೊಟ್ಟಿದ್ದರಿಂದ ಬದುಕಿದ ಮೊದಲನೆಯವಳು ನಾನು.