ಹೊಳೆಯಲ್ಲಿ ಸಿಕ್ಕಿದ ಬಂಗಡೆ

ಹುಟ್ಟಿದಂದಿನಿಂದ ಮೀನು ಬಾಯಿಗಿಡದ ನಾನು ಕಳೆದ ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರ ಹೊನ್ನಾವರದ ಮೀನು ಮಾರ್ಕೆಟ್ಟಿಗೆ ಹೋಗಿ ಬಂಗಡೆ ಕೊಂಡಿದ್ದೇನೆ. ಮನೆಯಲ್ಲಿ ಬೆಕ್ಕೂ ಇಲ್ಲ. ಇದಕ್ಕೆಲ್ಲ ಕಾರಣ ನನ್ನ ಮೋಟಾರು ದೋಣಿ, ಅದಕ್ಕಿಂತ ಹೆಚ್ಚಾಗಿ ಆ ದೋಣಿಯನ್ನು ಹೊರುವ ಟ್ರೇಲರು.

ನಿವೃತ್ತನಾದವನಿಗೆ ನಮ್ಮ ಊರು ಎರಡೇ ಉದ್ಯೋಗ ಕೊಡುತ್ತದೆ: ದೇವಸ್ಥಾನದ ಕಮಿಟಿ, ಇಲ್ಲವೇ ಸಕ್ಕರೆ ಕಾಯಿಲೆ. ಎರಡೂ ಬೇಡವೆಂದು ನಾನು, ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಒಬ್ಬರಿಂದ ಒಂದು ಪುಟ್ಟ ಫೈಬರ್ ದೋಣಿ ಕೊಂಡೆ. ಕತಗಾಲದ ತೋಟದಲ್ಲಿ ಗೊಬ್ಬರ ಹೊರುತ್ತಿದ್ದ ಅಣ್ಣನ ಹಳೆಯ ಜೀಪು ಅದನ್ನು ಎಳೆಯುವ ಕೆಲಸಕ್ಕೆ ಬಡ್ತಿ ಪಡೆಯಿತು. ಭಾನುವಾರ ಬೆಳಿಗ್ಗೆ ಶರಾವತಿಯಲ್ಲಿ ಒಂದೆರಡು ಸುತ್ತು ಹೊಡೆದು ಬರುವುದು, ಅಷ್ಟೇ ನನ್ನ ಸಾಹಸ.

ದೋಣಿಯನ್ನು ನೀರಿಗಿಳಿಸುವುದು ಸುಲಭ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ಇಳಿಜಾರಿನಲ್ಲಿ ವಸ್ತು ಕೆಳಗೆ ಹೋಗುತ್ತದೆ ಎಂಬ ಪಾಠಕ್ಕೆ ನನ್ನ ದೋಣಿ ಒಮ್ಮೆಯೂ ಎದುರಾಡಿಲ್ಲ. ಮೇಲೆ ಹತ್ತಿಸುವಾಗಲೇ ತಕರಾರು. ಮೊದಲು ಟ್ರೇಲರನ್ನು ಜೀಪಿನಿಂದ ಹಿಂದಕ್ಕೆ ನೂಕುತ್ತ ಚಕ್ರ ಮುಳುಗುವಷ್ಟು ನೀರಿಗೆ ಬಿಡಬೇಕು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿಗಳ ಸ್ವಭಾವವೆಲ್ಲ ಅದಕ್ಕೆ ಬಂದಿದೆ. ಆಮೇಲೆ ದೋಣಿಯ ಮೂತಿಗೆ ಹಗ್ಗ ಸಿಕ್ಕಿಸಿ, ಟ್ರೇಲರಿನ ಮುಂದಿರುವ ರಾಟೆ ತಿರುಗಿಸಿ ಎಳೆಯಬೇಕು. ಮೂತಿಯೇನೋ ಬರುತ್ತದೆ, ಅಷ್ಟರಲ್ಲಿ ಹೊಳೆಯ ಸೆಳೆತಕ್ಕೆ ಹಿಂಭಾಗ ತಿರುಗಿ ಅಡ್ಡ ನಿಲ್ಲುತ್ತದೆ. ಹಿಂಭಾಗ ಹಿಡಿಯಲು ಓಡಿದರೆ ರಾಟೆ ಬಿಡಬೇಕು. ಮೊಬೈಲಿನ ವೀಡಿಯೊದಲ್ಲಿ ಟೊಪ್ಪಿಗೆಯ ಪರದೇಶಿಯೊಬ್ಬ ಇದನ್ನು ಮೂರೇ ನಿಮಿಷದಲ್ಲಿ ಒಬ್ಬನೇ ಮಾಡಿ ಮುಗಿಸುತ್ತಾನೆ. ಅವನ ಕಡೆ ಪಾಚಿಯಿಲ್ಲ, ಒಣಗಲು ಹಾಕಿದ ಬಲೆಯಿಲ್ಲ, ಚಾ ಲೋಟ ಹಿಡಿದು 'ಬಲಕ್ಕೆ, ಬಲಕ್ಕೆ' ಎನ್ನುವ ಎಂಟು ಜನ ಸಲಹೆಗಾರರೂ ಇಲ್ಲ.

ಅಷ್ಟಕ್ಕೂ ಧಾರೇಶ್ವರದಿಂದ ಮುರ್ಡೇಶ್ವರದವರೆಗಿನ ನಮ್ಮ ಸ್ಥಳಪುರಾಣ ಏನು ಹೇಳುತ್ತದೆ? ಇಪ್ಪತ್ತು ಕೈಯಿದ್ದ ಅಸುರನೂ ಸಂಧ್ಯಾವಂದನೆಯ ಹೊತ್ತಿಗೆ ಕೈಲಿದ್ದ ಲಿಂಗವನ್ನು 'ಸ್ವಲ್ಪ ಹಿಡಿದುಕೊ' ಎಂದು ಇನ್ನೊಬ್ಬರಿಗೆ ಹೇಳಬೇಕಾಯಿತು. ನನಗಿರುವುದು ಎರಡು, ಅದರಲ್ಲೂ ಒಂದಕ್ಕೆ ಭುಜ ನೋವು.

ಹಾಗಾಗಿ ಮೊದಲ ವಾರವೇ ಸುಬ್ರಾಯ ಬಂದು ಹಿಂಭಾಗ ಹಿಡಿದ. ದೋಣಿಗಳು ಬಂದು ನಿಲ್ಲುವ ಆ ಧಕ್ಕೆಯ ಪಕ್ಕದಲ್ಲೇ ಅವನ ಮನೆ, ಸಮುದ್ರದ ಮೀನುಗಾರ, ನನ್ನದೇ ವಯಸ್ಸು. ಅವನು ಕೈ ಹಾಕಿದನೆಂದರೆ ದೋಣಿ ತೆಪ್ಪಗೆ ಏರುತ್ತಿತ್ತು. ಆದರೆ ನಮ್ಮ ಕಡೆ ಬಲೆಯೋ ದೋಣಿಯೋ ಎಳೆಯಲು ಕೈ ಜೋಡಿಸಿದವನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ನಾಲ್ಕು ಮೀನು ಅವನ ಪಾಲು. ನನ್ನ ದೋಣಿಯಲ್ಲಿ ಮೀನೆಲ್ಲಿಂದ ಬರಬೇಕು? ದುಡ್ಡು ಕೊಟ್ಟರೆ ಅವಮಾನವಾದೀತೆಂದು ಹೆದರಿ ನಾನೊಂದು ಉಪಾಯ ಹೂಡಿದೆ. ಬೆಳಿಗ್ಗೆಯೇ ಮಾರ್ಕೆಟ್ಟಿನಲ್ಲಿ ಬಂಗಡೆ ಕೊಂಡು, ದೋಣಿಯ ಡಬ್ಬಿಯಲ್ಲಿ ಅಡಗಿಸಿ, ಹೊಳೆ ಸುತ್ತಿ ಬಂದು ಸುಬ್ರಾಯನಿಗೆ ಕೊಡುವುದು. ಮಾರುವ ನಾಗವೇಣಿ ನನಗೆಂದು ದೊಡ್ಡ ದೊಡ್ಡ ಮೀನನ್ನೇ ಆರಿಸಿ ಹಾಕುತ್ತಿದ್ದಳು. ಈ ಕಾಲದಲ್ಲೂ ಮಾಸ್ತರರ ಮೇಲೆ ಎಷ್ಟು ಗೌರವ ಎಂದು ನಾನು ಒಳಗೊಳಗೇ ಉಬ್ಬಿದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಒಂದು ದಿನ ಎಲ್ಲರ ಎದುರಿಗೆ, "ಇವತ್ತು ಸೇತುವೆ ಕೆಳಗೆ ಚಲೋ ಸಿಕ್ತು" ಎಂದುಬಿಟ್ಟೆ.

ಸುಬ್ರಾಯ ಮೀನನ್ನು ತಿರುಗಿಸಿ ನೋಡಿದ. "ಮಾಸ್ತರ್ರೆ, ಬಂಗಡೆ ಸಮುದ್ರದ್ದು. ಹೊಳೆಲಿ ಸಿಕ್ಕೂದು ನಿಮಗೊಬ್ಬರಿಗೇಯ. ಅದೂ ಐಸು ಹಾಕ್ಕಂಡೇ ಈಜ್ತಾ ಇರ್ತದೆ!" ಧಕ್ಕೆಯೆಲ್ಲ ನಕ್ಕಿತು. "ನಾಗವೇಣಿ ನನ್ನ ಹೆಂಡ್ತಿ. ಬೆಳಿಗ್ಗೆ ನಾನು ಅವಳ ಬುಟ್ಟಿಗೆ ಹಾಕೂದು, ಮಧ್ಯಾಹ್ನ ನೀವು ನನ್ನ ಕೈಗೆ ಹಾಕೂದು."

ಅವರೆಲ್ಲರಿಗೂ ಇದು ತಿಂಗಳುಗಟ್ಟಲೆಯಿಂದ ಗೊತ್ತಿತ್ತು. ಅವನು ಹೇಳಿದ್ದು ತಮಾಷೆಗೆ, ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಒಬ್ಬನೇ ಹತ್ತಿಸುತ್ತೇನೆ, ಯಾರ ಕೈಯೂ ಬೇಡ ಎಂದು ಪಣ ತೊಟ್ಟೆ. ಮುಂದಿನ ವಾರ ಸುಬ್ರಾಯ ಎಂದಿನಂತೆ ಲುಂಗಿ ಎತ್ತಿ ಕಟ್ಟಿ ನೀರಿಗಿಳಿದಾಗ, "ಬೇಡ ಮಾರಾಯ, ನಾನೇ ಮಾಡ್ಕೊಳ್ತೆ" ಎಂದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದಡಕ್ಕೆ ಹೋಗಿ ನಿಂತ.

ಮೂರು ವಾರ ಮೊಣಕೈ ತರಚಿಕೊಂಡೆ, ಒಮ್ಮೆ ಕನ್ನಡಕ ಹೊಳೆಗೆ ಕೊಟ್ಟೆ. ನಾಲ್ಕನೆಯ ವಾರ ಉಪಾಯ ಹೊಳೆಯಿತು. ಭರತ, ಅಂದರೆ ಸಮುದ್ರದ ಉಬ್ಬರ, ತುಂಬಿ ನೀರು ನಿಂತ ಹೊತ್ತು ನೋಡಿ, ದೋಣಿಯ ಹಿಂಭಾಗವನ್ನು ಇನ್ನೊಂದು ಹಗ್ಗದಿಂದ ಧಕ್ಕೆಯ ಗೂಟಕ್ಕೆ ಬಿಗಿದರೆ ಅದು ತಿರುಗುವಂತಿಲ್ಲ. ರಾಟೆಯಿಂದ ಒಂದಡಿ ಎಳೆಯುವುದು, ಗೂಟದ ಹಗ್ಗ ಒಂದಡಿ ಸಡಿಲಿಸುವುದು. ದೋಣಿ ಏರಿತು! ನಾನು ಹೆಮ್ಮೆಯಿಂದ ದಡದ ಕಡೆ ತಿರುಗಿದೆ.

"ಆತಲ್ಲ ಮಾಸ್ತರ್ರೆ," ಎಂದ ಸುಬ್ರಾಯ. "ಇನ್ನು ನಿಮಗೆ ನಮ್ಮ ಕೈ ಬೇಡ." ಬೆನ್ನ ಹಿಂದಿನ ಕೈ ಬಿಚ್ಚದೆ ಮನೆಗೆ ನಡೆದ.

ಮುಂದಿನ ಭಾನುವಾರ ನಾನು ಹೋಗುವ ಮೊದಲೇ ಧಕ್ಕೆಯವರು ಬಲೆಗಳನ್ನೆಲ್ಲ ಬದಿಗೆ ಸರಿಸಿ ದಾರಿ ಖಾಲಿ ಮಾಡಿಟ್ಟಿದ್ದರು, ಅಧಿಕಾರಿಗಳ ಕಾರು ಬಂದಾಗ ಮಾಡುವಂತೆ. ಟ್ರೇಲರು ಯದ್ವಾತದ್ವಾ ಹೋದರೂ ಒಬ್ಬನೂ 'ಬಲಕ್ಕೆ' ಎನ್ನಲಿಲ್ಲ. ಆ ಸಲಹೆಗಾರರನ್ನು ಎಷ್ಟು ಬೈದುಕೊಂಡಿದ್ದೆ! ಈಗ ಎಡವೋ ಬಲವೋ ಎಂದು ನಾನೇ ದಡದ ಕಡೆ ತಿರುಗಿ ತಿರುಗಿ ನೋಡಿದೆ. ದೋಣಿಯನ್ನು ಒಬ್ಬನೇ ಹತ್ತಿಸಬಲ್ಲೆ ಎಂದು ತೋರಿಸಲು ಹೋಗಿ ನಿಜವಾಗಿಯೂ ಒಬ್ಬನೇ ಆಗಿಬಿಟ್ಟಿದ್ದೆ.

ಮನೆಗೆ ಬಂದರೆ ಹೆಂಡತಿ ಜೀಪಿನ ಬಾಗಿಲು ತೆಗೆದು ಮೂಸಿದಳು. ಬಂಗಡೆಯ ಗುಟ್ಟನ್ನು ನಾನು ಅವಳಿಗೆ ಹೇಳಿದವನೇ ಅಲ್ಲ. "ಒಂದು ತಿಂಗಳಾತು, ಮೀನು ವಾಸನೆಯೇ ಇಲ್ಲೆ. ಯಾರ ಹತ್ರ ಜಗಳ ಆತು?" ಎಂದಳು.

ಮರುವಾರ ಭರತ ಸರಿಯಾಗಿಯೇ ಇತ್ತು, ಗೂಟವೂ ಇತ್ತು. ನಾನು ಹಗ್ಗ ಕಟ್ಟಲಿಲ್ಲ. ದೋಣಿ ತನ್ನ ಹಳೆಯ ಚಾಳಿಯಂತೆ ಅಡ್ಡ ತಿರುಗಿತು. "ಸುಬ್ರಾಯಾ, ಒಂದು ಕೈ ಹಾಕೋ!" ಎಂದು ಕೂಗಿದೆ. ಅವನು ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿದ. ಆಮೇಲೆ ಲುಂಗಿ ಎತ್ತಿ ಕಟ್ಟಿ ಇಳಿದು ಬಂದ. ದಡದಿಂದ ಯಾರೋ "ಬಲಕ್ಕೆ, ಬಲಕ್ಕೆ" ಎಂದರು. ದೋಣಿ ತೆಪ್ಪಗೆ ಏರಿತು.

ಸುಬ್ರಾಯ ಖಾಲಿ ಗೂಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಹಗ್ಗ ಕಟ್ಟೂದು ಮರ್ತ್ರಾ?"

"ವಯಸ್ಸಾಯ್ತಲ್ಲ," ಎಂದೆ. ಇದೂ ಹೊಳೆಯ ಬಂಗಡೆಯ ಜಾತಿಯ ಸುಳ್ಳೇ. ಅವನು ನಗುತ್ತ ಕೈ ಒರೆಸಿ ಮುಂದೆ ಚಾಚಿದ. "ಪಾಲು?"

"ಇವತ್ತು ಮೀನಿಲ್ಲ ಮಾರಾಯ."

"ಮಾರ್ಕೆಟ್ಟು ಇನ್ನೂ ಮುಚ್ಚಲಿಲ್ಲ. ಭಾನುವಾರದ ಗಿರಾಕಿ ಎಲ್ಲಿ ಹೋದ್ರು ಅಂತ ನಾಗವೇಣಿನೂ ಕೇಳ್ತಾ ಇದ್ಲು."

ಹಿಂದೆ ದೋಣಿ ಕಟ್ಟಿಕೊಂಡೇ ಜೀಪನ್ನು ಮಾರ್ಕೆಟ್ಟಿಗೆ ಬಿಟ್ಟೆ. ನಾಗವೇಣಿ ಬುಟ್ಟಿಯ ತಳದವರೆಗೆ ಕೈಯಾಡಿಸಿ ದೊಡ್ಡವನ್ನೇ ಆರಿಸಿದಳು. ಸಾರು ಆಗುವುದು ಅವಳ ಒಲೆಯ ಮೇಲೇ ತಾನೆ. ಚೀಲಕ್ಕೆ ಹಾಕುವ ಮೊದಲು ತಲೆ ಎತ್ತಿ, "ಐಸು ತೊಳ್ದು ಕೊಡ್ಲಾ ಮಾಸ್ತರ್ರೆ?" ಎಂದು ಕೇಳಿದಳು.

ಬೇಡ, ಹಾಗೇ ಇರಲಿ ಎಂದೆ.