ಹೆಂಕ್ ಅಜ್ಜನನ್ನು ಎಬ್ಬಿಸದ ರಾತ್ರಿ

ನೆದರ್‌ಲ್ಯಾಂಡ್ಸಿನ ರೈಸ್‌ವೈಕ್‌ಗೆ ಬಂದ ಮೂರನೆಯ ವಾರ. ಸಂಜೆ ಐದಕ್ಕೇ ಕತ್ತಲಾಗುವ ಚಳಿಗಾಲ. ಅಡುಗೆಮನೆಯ ಪರದೆ ಎಳೆಯಲು ಹೋದವಳು ಕೈ ಎತ್ತಿದಂತೆಯೇ ನಿಂತುಬಿಟ್ಟೆ. ಆಕಾಶದ ಒಂದು ಮಗ್ಗುಲು ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿ ಉರಿಯುತ್ತಿತ್ತು. ಸೂರ್ಯ ಮುಳುಗಿ ಎರಡು ಗಂಟೆಯಾಗಿತ್ತು. ನಮ್ಮ ಗದಗಿನಲ್ಲಿ ರಾತ್ರಿ ಹೊತ್ತು ಆಕಾಶ ಹೀಗಾದರೆ ಅರ್ಥ ಒಂದೇ, ಎಲ್ಲೋ ಹತ್ತಿಯ ಗೋದಾಮಿಗೆ ಬೆಂಕಿ ಬಿದ್ದಿದೆ. ಬರಿಗಾಲಲ್ಲೇ ಹೊರಗೆ ಓಡಿದೆ. ಸಾಲುಮನೆಗಳ ಬೆಲ್ಲುಗಳನ್ನು ಒಂದರ ಹಿಂದೊಂದು ಒತ್ತುತ್ತಾ "ಫೈರ್! ಫೈರ್!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಮೊದಲು ಬಾಗಿಲು ತೆರೆದ ಎದುರು ಮನೆಯ ಹೆಂಗಸು ಆಕಾಶ ನೋಡಿದಳು, ನನ್ನ ಬರಿಗಾಲು ನೋಡಿದಳು. "ಟೊಮ್ಯಾಟೊ" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಪಕ್ಕದ ಮನೆಯಿಂದ ಬಂದ ಎತ್ತರದ ಮುದುಕನೊಬ್ಬ ಬಿದ್ದು ಬಿದ್ದು ನಗುತ್ತಾ ಬಿಡಿಸಿ ಹೇಳಿದ. ಊರಾಚೆ ಕಣ್ಣು ಹಾಯುವಷ್ಟು ದೂರ ಗಾಜಿನ ಮನೆಗಳಿವೆಯಂತೆ. ಒಳಗೆ ಟೊಮ್ಯಾಟೊ ಬೆಳೆಯಲು ಕತ್ತಲಾದ ಮೇಲೂ ಗುಲಾಬಿ ದೀಪ ಹಚ್ಚುತ್ತಾರಂತೆ. ಆ ಬೆಳಕು ಮೋಡಕ್ಕೆ ಬಡಿದು ಹೀಗೆ ಕಾಣುತ್ತದಂತೆ. ಹೆಂಗಸು ಮಾತ್ರ ನಗಲಿಲ್ಲ. "ಇನ್ನು ಮೇಲೆ ಬರುವುದಿದ್ದರೆ ಅಫ್‌ಸ್ಪ್ರಾಕ್ ಮಾಡಿಕೊಂಡು ಬಾ" ಎಂದು ಬಾಗಿಲು ಹಾಕಿಕೊಂಡಳು.

ಅಫ್‌ಸ್ಪ್ರಾಕ್ ಎಂದರೆ ದಿನ, ಹೊತ್ತು ಎಲ್ಲ ಮೊದಲೇ ಗೊತ್ತುಮಾಡಿಕೊಳ್ಳುವುದು. ಈ ನೆಲದಲ್ಲಿ ನಾನು ಕಲಿತ ಮೊದಲ ಶಬ್ದ ಅದು. ಗದಗಿನ ನಮ್ಮ ಓಣಿಯಲ್ಲಿ ಬಾಗಿಲು ಮುಚ್ಚುತ್ತಿದ್ದುದು ಮಲಗುವಾಗ ಮಾತ್ರ. ಪಕ್ಕದ ಮನೆಯ ನೀಲವ್ವ ನೇರ ಒಲೆಯ ಹತ್ತಿರ ಬಂದು, ಗಡಿಗೆಯ ಮುಚ್ಚಳ ತೆಗೆದು, "ಇವತ್ತೇನ ಮಾಡೀರಿ?" ಎನ್ನುತ್ತಿದ್ದಳು. ಇಲ್ಲಿ ಹೆತ್ತ ತಾಯಿಯೂ ಮಗಳ ಮನೆಗೆ ದಿನ ಕೇಳಿಕೊಂಡು ಬರುತ್ತಾಳೆ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾರೆ. ಮೊದಮೊದಲು ಇದೆಂಥ ಜನರಪ್ಪಾ ಎಂದು ಗೊಣಗಿದೆ. ಆಮೇಲೆ ಹಟಕ್ಕೆ ಬಿದ್ದು ಕಲಿತೆ. ಇವರ ಹಾಗೆಯೇ ನೆಂಟರಿಷ್ಟರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರನ್ನು ಶೌಚಾಲಯದ ಗೋಡೆಗೆ ನೇತುಹಾಕಿದೆ. ಒಂದು ಭಾನುವಾರ ಗೆಳತಿ ಸುಮಾ ಹೇಳದೆ ಕೇಳದೆ ನ್ಯೂವೆಗೈನ್‌ನಿಂದ ಬಂದಿಳಿದಾಗ ಒಳಗೊಳಗೇ ಸಿಡಿಮಿಡಿಗೊಂಡೆ ಕೂಡ. ಆ ಸಿಡಿಮಿಡಿಯ ಬಗ್ಗೆ ನನಗೆ ಹೆಮ್ಮೆಯೇ ಆಯಿತು ಎಂದರೆ ನಂಬುತ್ತೀರಾ?

ಅಂದು ನಕ್ಕ ಮುದುಕನೇ ಹೆಂಕ್ ಅಜ್ಜ. ಟ್ರಾಮ್ ಓಡಿಸಿ ನಿವೃತ್ತನಾದವನು, ಎಪ್ಪತ್ತೊಂಬತ್ತರ ಒಂಟಿ ಜೀವ. ಪ್ರತಿ ಬುಧವಾರ ಬೆಳಗ್ಗೆ ಹತ್ತಕ್ಕೆ ಅವನ ಮನೆಯಲ್ಲಿ ನನಗೆ ಕಾಫಿ, ಅಫ್‌ಸ್ಪ್ರಾಕ್ ಪ್ರಕಾರ. ಅವನಿಗೆ ಇದ್ದುದು ಒಂದೇ ಹುಚ್ಚು, ನೋರ್ಡರ್‌ಲಿಖ್ಟ್, ಅಂದರೆ ಉತ್ತರದ ಬೆಳಕು. ಸೂರ್ಯನಲ್ಲಿ ದೊಡ್ಡ ಸ್ಫೋಟವಾದರೆ ಅಲ್ಲಿಂದ ಸಿಡಿದದ್ದು ಒಂದೆರಡು ದಿನಕ್ಕೆ ಭೂಮಿಗೆ ಬಂದು ತಾಗುತ್ತದೆ, ಧ್ರುವದ ಕಡೆ ಆಕಾಶ ಬಣ್ಣ ಬಣ್ಣವಾಗುತ್ತದೆ. ಸ್ಫೋಟ ಬಲವಾಗಿದ್ದರೆ ಇಷ್ಟು ದಕ್ಷಿಣದ ರೈಸ್‌ವೈಕ್‌ಗೂ ಕಾಣುತ್ತದೆ. "ನಾಲ್ಕು ಸಲ ಬಂದು ಹೋಗಿದೆ. ನಾಲ್ಕೂ ಸಲ ನನ್ನ ತಲೆಯ ಮೇಲೆ ಮೋಡ" ಎನ್ನುತ್ತಿದ್ದ.

"ನಾರ್ವೆಗೆ ಹೋಗಿ ನೋಡಿ ಬರಬಹುದಲ್ಲ?" ಎಂದೆ.

"ನಾನ್ಯಾಕೆ ಹೋಗಲಿ? ಅದೇ ನನ್ನ ಹಿತ್ತಿಲಿಗೆ ಬರಲಿ."

ಹಟಮಾರಿ! ಆದರೆ ಆ ಹಟಕ್ಕೆ ಹೊತ್ತು ಉಳಿದಿರಲಿಲ್ಲ. ಅವನ ಕಣ್ಣಿನ ನರ ಒಣಗುತ್ತಾ ಬಂದಿತ್ತು. ಮಂದ ಬೆಳಕು ಕಾಣುವುದು ಮೊದಲು ನಿಲ್ಲುತ್ತದೆ, ಹೆಚ್ಚೆಂದರೆ ಈ ವರ್ಷ, ಎಂದು ಡಾಕ್ಟರು ಹೇಳಿದ್ದರು. ಅಜ್ಜನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ನಮ್ಮದೋ, ಲೈಡನ್, ನ್ಯೂವೆಗೈನ್, ರೈಸ್‌ವೈಕ್‌ನ ಏಳೆಂಟು ಕನ್ನಡದ ಮನೆಗಳು ಸೇರಿ ಆಕಾಶ ನೋಡಲೆಂದೇ ಮಾಡಿಕೊಂಡ ವಾಟ್ಸಾಪ್ ಗುಂಪಿತ್ತು. ಅದರಲ್ಲಿ ನಕ್ಷತ್ರಕ್ಕಿಂತ ಹೋಳಿಗೆಯ ಫೋಟೋಗಳೇ ಹೆಚ್ಚು ಬರುತ್ತಿದ್ದುದು ಬೇರೆ ಮಾತು. "ನಿಮ್ಮವರು ಏನಾದರೂ ಕಂಡರೆ ನನಗೆ ಹೇಳು" ಎಂದು ಅಜ್ಜ ಒಂದು ಬುಧವಾರ ಕೇಳಿದ. "ಖಂಡಿತ ಹೇಳ್ತೀನಿ" ಎಂದೆ.

ಅದಾಗಿ ಕೆಲವು ವಾರಕ್ಕೆ ಸೂರ್ಯ ಸಿಡಿದ ಸುದ್ದಿ ಬಂತು. ಎರಡನೆಯ ದಿನ, ಮಂಗಳವಾರ, ನನ್ನ ಗಂಡ ಮಹೇಶ ಗುಂಪಿನವರ ಜೊತೆ ಸಮುದ್ರದ ದಂಡೆಗೆ ಹೋದ. ಮಗಳು ಮಲಗಿದ್ದರಿಂದ ನಾನು ಮನೆಯಲ್ಲೇ ಉಳಿದೆ. ಹತ್ತೂ ನಲವತ್ತಕ್ಕೆ ಫೋನಿನಲ್ಲಿ ಸುಮಾಳ ಧ್ವನಿ ಚೀರಿತು. "ಲೇ, ಬೇಗ ಹೊರಗಡೆ ಬಾರೇ! ಬಂದ್ಬಿಟ್ಟಿದೆ ಕಣೇ, ಸೀರಿಯಸ್ಲಿ!"

ಹಿತ್ತಿಲಿಗೆ ಬಂದು ತಲೆ ಎತ್ತಿದೆ. ಕೆಂಪು! ಮೊದಲು ಹೊಳೆದದ್ದು ಟೊಮ್ಯಾಟೊ. ಆದರೆ ಗಾಜಿನ ಮನೆಗಳು ಇರುವುದು ಆಚೆ ಕಡೆ, ಇದು ಉತ್ತರಕ್ಕಿತ್ತು. ಅಷ್ಟರಲ್ಲಿ ಆ ಕೆಂಪು ಅಲುಗಿತು. ಉದ್ದುದ್ದ ಕಂಬಗಳಾಗಿ ನೆತ್ತಿಯವರೆಗೆ ಎದ್ದಿತು, ಬುಡದಲ್ಲಿ ಹಸಿರು ಹರಿಯಿತು. ಅಷ್ಟು ದೊಡ್ಡದು ನಡೆಯುತ್ತಿದೆ, ಒಂದಿಷ್ಟೂ ಸದ್ದಿಲ್ಲ. ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು.

ಆಗ ಅಜ್ಜನ ಕಿಟಕಿ ಕಂಡಿತು. ಕತ್ತಲು. ಓಡಿಹೋಗಿ ಅವನ ಮುಂಬಾಗಿಲಲ್ಲಿ ನಿಂತೆ. ಬೆರಳು ಬೆಲ್ಲಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಹನ್ನೊಂದಾಗುತ್ತಾ ಬಂತು, ಮುದುಕ ಗಾಬರಿಯಾಗಿ ಮೆಟ್ಟಿಲಲ್ಲಿ ಜಾರಿದರೆ? ಹೇಳು ಎಂದಿದ್ದ, ಎಬ್ಬಿಸು ಎಂದಿರಲಿಲ್ಲವಲ್ಲ? ಎದುರು ಮನೆಯ ಆ ಹೆಂಗಸು ಕಿಟಕಿ ತೆರೆದರೆ? ಇದು ರಾತ್ರಿಯಿಡೀ ಇದ್ದೀತು, ಅವನೇ ಎದ್ದಾಗ ನೋಡಿಯಾನು. ಹೇಗೂ ನಾಳೆ ಹತ್ತಕ್ಕೆ ಕಾಫಿ ಇದೆ. ಹೀಗೆ ಸಮಾಧಾನ ಮಾಡಿಕೊಂಡು ಕೈ ಹಿಂದಕ್ಕೆ ತೆಗೆದೆ. ಇಪ್ಪತ್ತು ನಿಮಿಷಕ್ಕೆ ಆಕಾಶ ಮಾಮೂಲಿ ಕಪ್ಪಾಯಿತು.

ಬೆಳಗ್ಗೆ ಸರಿಯಾಗಿ ಹತ್ತಕ್ಕೆ ಬೆಲ್ ಒತ್ತಿದೆ. ಅಜ್ಜ ಕಾಫಿ ಬಗ್ಗಿಸುತ್ತಿದ್ದಾಗ ಎಲ್ಲ ಹೇಳಿದೆ. ರಾತ್ರಿ ಫೋನಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದೆ. ಅವನು ಫೋನನ್ನು ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದ.

"ಇದು ನಮ್ಮ ಹಿತ್ತಿಲ ಮೇಲೆಯೇ?"

"ಹೌದು."

"ಮೋಡ ಇರಲಿಲ್ಲವೇ?"

"ಇರಲಿಲ್ಲ."

"ಯಾಕೆ ಬೆಲ್ ಒತ್ತಲಿಲ್ಲ?"

ತಡವಾಗಿತ್ತು, ಅಫ್‌ಸ್ಪ್ರಾಕ್ ಇರಲಿಲ್ಲ ಎಂದು ತೊದಲಿದೆ. ಅಜ್ಜ ನನ್ನ ಮುಖವನ್ನೇ ನೋಡಿದ. "ಈ ಬೀದಿಯಲ್ಲಿ ಬೇರೆ ಯಾರಿಗೂ ನಾನು ಹೇಳಿರಲಿಲ್ಲ. ಅವರು ಎಬ್ಬಿಸುವುದಿಲ್ಲ ಅಂತ ನನಗೆ ಗೊತ್ತು. ಬಂದ ಹೊಸದರಲ್ಲೇ ಬೀದಿಯನ್ನೆಲ್ಲ ಎಬ್ಬಿಸಿದವಳು ನೀನು. ನೀನು ಎಬ್ಬಿಸುತ್ತೀಯ ಅಂತ ಧೈರ್ಯವಾಗಿ ಮಲಗಿದ್ದೆ." ಬೈದಿದ್ದರೆ ಒಳ್ಳೆಯದಿತ್ತು. ಅವನು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ಸರಿಸಿದ. ನಾನು ಅತ್ತುಬಿಟ್ಟೆ.

ಸಂಜೆ ಅವ್ವನಿಗೆ ಫೋನು ಮಾಡಿದೆ. ಅವಳಾದರೂ ಹೋಗಲಿ ಬಿಡು ಎಂದಾಳು ಎಂಬ ಆಸೆ.

"ಬಾಗಲಾ ಬಡೀಲಿಲ್ಲೇನ? ಮುದುಕಾ ಅದಕ್ಕಂತನ ಕಾಯ್ಕೊಂಡ ಕುಂತಾನ, ನೀ ಟೈಮ್ ನೋಡ್ಕೋತ ನಿಂತಿ? ಯಾವಾಗ ಹಿಂಗಾದಿ ನೀ?"

ಇಲ್ಲಿಯ ಅಜ್ಜನಿಗೂ ಅಲ್ಲಿಯ ಅವ್ವನಿಗೂ ಬೇಕಾಗಿದ್ದವಳು ಒಬ್ಬಳೇ, ಬರಿಗಾಲಲ್ಲಿ ಓಡಿ ಬೀದಿ ಎಬ್ಬಿಸಿದವಳು. ಅವಳನ್ನು ನಾನೇ ಕಷ್ಟಪಟ್ಟು, ಒಂದೊಂದೇ ರೂಢಿ ಬಿಡಿಸಿ, ಈ ಮನೆಯಿಂದ ಹೊರಗೆ ಹಾಕಿದ್ದೆ. ಹಾಗೆಂದು ಇಲ್ಲಿಯವಳಾದೆನೇ? ಅದೂ ಇಲ್ಲ. ಇಲ್ಲಿಯವರೇ ಆಗಿದ್ದರೆ ಹಾಯಾಗಿ ಮಲಗುತ್ತಿದ್ದರು. ನನಗೆ ವಾರಗಟ್ಟಲೆ ನಿದ್ದೆ ಬರಲಿಲ್ಲ.

ಐದು ತಿಂಗಳ ಮೇಲೆ, ಮೊನ್ನೆ, ಮತ್ತೆ ಸುದ್ದಿ ಬಂತು. ಹಿತ್ತಿಲಿನ ಉತ್ತರಕ್ಕೆ, ಮನೆಗಳ ಸೂರಿನ ಮೇಲೆ, ತೆಳ್ಳನೆಯ ಕೆಂಪು ಎದ್ದಿತ್ತು. ಈ ಸಲ ಗಡಿಯಾರ ನೋಡಲಿಲ್ಲ. ಬೆಲ್ಲನ್ನೂ ನಂಬಲಿಲ್ಲ. ಎರಡೂ ಕೈಯಿಂದ ಬಾಗಿಲು ಬಡಿದೆ. "ಅಜ್ಜಾ! ಏಳ್ರೀ ಅಜ್ಜಾ!" ಸಾಲುಮನೆಗಳ ದೀಪ ಒಂದೊಂದಾಗಿ ಹತ್ತಿದವು. ಎದುರು ಮನೆಯ ಹೆಂಗಸು ಕಿಟಕಿ ತೆರೆದು ಏನೋ ಕೂಗಿದಳು, ಕೂಗಲಿ ಎಂದುಕೊಂಡೆ. ಅಜ್ಜ ಪೈಜಾಮದಲ್ಲೇ ಬಂದ. ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದೆ.

"ಎಲ್ಲಿ?"

ಅವನ ಭುಜ ಹಿಡಿದು ಉತ್ತರಕ್ಕೆ ತಿರುಗಿಸಿದೆ. "ಅಲ್ಲಿ, ಚಿಮಣಿಯ ಮೇಲೆ."

ಅವನು ಕಣ್ಣು ಕಿರಿದು ಮಾಡಿದ, ಅಗಲ ಮಾಡಿದ, ಕುತ್ತಿಗೆ ಓರೆ ಮಾಡಿದ. ಕೊನೆಗೆ ತಲೆಯಾಡಿಸಿದ. "ನನಗೆ ಬರೀ ಕತ್ತಲು. ನೀನೇ ಹೇಳು."

ಡಚ್ಚಿನಲ್ಲಿ ಶುರುಮಾಡಿದೆ. ಕೆಂಪು, ಹಸಿರು, ದೊಡ್ಡದು, ಚಿಕ್ಕದು. ಪರೀಕ್ಷೆ ಪಾಸಾದ ನನ್ನ ಡಚ್ಚು ಅಷ್ಟಕ್ಕೇ ಮುಗಿಯಿತು. ಆಮೇಲೆ ಬಾಯಿಗೆ ಬಂದದ್ದು ಕನ್ನಡವೇ. "ಮ್ಯಾಲೆ ಏರಾಕತ್ತೈತ್ರೀ ಅಜ್ಜಾ. ಈಗ ತೆಳ್ಳಗಾತು... ತಡೀರಿ, ಮತ್ತ ಬಂತು, ಮತ್ತ ಬಂತ ನೋಡ್ರೀ..." ಅಜ್ಜ ನನ್ನ ಮೊಣಕೈ ಬಿಗಿಯಾಗಿ ಹಿಡಿದು, ಉತ್ತರಕ್ಕೆ ಮುಖ ಮಾಡಿ, ಒಂದಕ್ಷರ ತಿಳಿಯದಿದ್ದರೂ ಹೂಂಗುಡುತ್ತಾ ನಿಂತಿದ್ದ. ಬೆಳಕು ಆರಿಹೋದ ಮೇಲೂ ನಾನು ಹೇಳುತ್ತಲೇ ಇದ್ದೆ.