ಅಡಿಗಲ್ಲಿನ ಮುಕ್ಕು

ಮಂಡಿ ಮೊಹಲ್ಲಾದಲ್ಲಿ ನಮ್ಮ ಬೆಲ್ಲದ ಅಂಗಡಿಯ ಎದುರಿಗೇ ವಯಸ್ಸಾದ ಕಮ್ಮಾರರೊಬ್ಬರ ಕುಲುಮೆ ಇತ್ತು. ಕಬ್ಬಿಣ ಕಾಯುವಷ್ಟು ಹೊತ್ತೂ ಅವರ ಹೆಬ್ಬೆರಳು, ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ಅಡಿಗಲ್ಲಿನ ಅಂಚಿನ ಒಂದು ಮುಕ್ಕಿನೊಳಗೆ ಆಡುತ್ತಿರುತ್ತಿತ್ತು. ಹಿಂದೊಮ್ಮೆ, ಜೊತೆಗೆ ಬಡಿಯುತ್ತಿದ್ದ ತಮ್ಮನ ದೊಡ್ಡ ಸುತ್ತಿಗೆ ಗುರಿ ತಪ್ಪಿ ಅಲ್ಲೊಂದು ಚೂರು ಹಾರಿಹೋಗಿತ್ತಂತೆ. ಇವರು ಬಾಯಿಗೆ ಬಂದಂತೆ ಬೈದರು. ತಮ್ಮ ಅಂದೇ ನಂಜನಗೂಡಿಗೆ ಹೊರಟುಹೋದ, ಮತ್ತೆ ಬರಲಿಲ್ಲ.

ಆ ಮುಕ್ಕಿನಿಂದಾಗಿ ಇವರು ಬಡಿದ ಪ್ರತಿ ಮಚ್ಚಿನಲ್ಲೂ, ನಮ್ಮ ಅಂಗಡಿಯದರಲ್ಲೂ, ಹಿಡಿಯ ಹತ್ತಿರ ಅಕ್ಕಿಕಾಳಿನಷ್ಟು ಉಬ್ಬು ಉಳಿಯುತ್ತಿತ್ತು.

"ಆ ಅಡಿಗಲ್ಲಿನ ಅಂಚನ್ನ ಉಜ್ಜಿಸಿ ಸರಿಮಾಡ್ಸಿ. ಹಂಗೇ ಒಂದ್ಸಲ ನಂಜನಗೂಡಿಗೂ ಹೋಗ್ಬನ್ನಿ" ಎಂದು ನಾನು ಹೇಳಿದರೆ ಎರಡಕ್ಕೂ ಒಂದೇ ಉತ್ತರ.

"ಆಗ್ಲಿ ಬುಡಿ, ನೋಡಾಣ."

ಒಂದು ದಿನ ತಮ್ಮ ತೀರಿಕೊಂಡ ಸುದ್ದಿ ಬಂತು. ಮಣ್ಣು ಮಾಡಿ ಬಂದವರೇ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ, ಮುಕ್ಕು ತುಂಬಿಸಿ, ಗ್ರೈಂಡರ್ ಹಿಡಿಸಿದರು. ಅಂಚು ನುಣ್ಣಗಾಯಿತು. ಸದ್ಯ, ಒಳ್ಳೆಯದೇ ಆಯಿತು ಅಂದುಕೊಂಡೆ.

ಆದರೆ ಮಾರನೆಯ ವಾರ ನೋಡಿದರೆ, ಕಬ್ಬಿಣ ಕಾದು ಹಣ್ಣಾಗಿದ್ದರೂ ಅವರ ಹೆಬ್ಬೆರಳು ಅಂಚಿನುದ್ದಕ್ಕೂ ಹುಡುಕುತ್ತಲೇ ಇತ್ತು. ಆಮೇಲೆ ಎದ್ದು ನಮ್ಮ ಅಂಗಡಿಗೆ ಬಂದರು.

"ಬೆಲ್ಲ ಒಡಿಯೋ ಮಚ್ಚು ಕೊಡಿ ಇಲ್ಲಿ."

"ಸಾಣೆ ಹಿಡಿಯೋಕಾ?"

ಅವರು ಮಚ್ಚು ತೆಗೆದುಕೊಂಡರು. ಹಿಡಿಯ ಹತ್ತಿರದ ಉಬ್ಬಿನ ಮೇಲೆ ಹೆಬ್ಬೆರಳಿಟ್ಟು ನಿಂತುಬಿಟ್ಟರು. ಗಿರಾಕಿಗಳು ಬಂದು ಹೋದರೂ ಕದಲಲಿಲ್ಲ. ಕೊನೆಗೆ ಮಚ್ಚನ್ನು ನನ್ನ ಕೈಗಿಟ್ಟು ಹೇಳಿದರು:

"ಇದೊಂದನ್ನ ಉಜ್ಜಿಸ್ಬೇಡಿ ಕಣ್ರೀ."